ನೆಲ ಯಾರದು, ಹಣ ಯಾರದು: ಯೂರೋಪಿನ ನಗರಗಳನ್ನು ಅಧಿಕಾರ ಕಟ್ಟಿದ ಬಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಭಾಷಣದ ಜೊತೆ ತೋರಿಸಿದ ನಕ್ಷೆಗಳು ಇಲ್ಲಿ ಇಲ್ಲದಿರುವುದರಿಂದ ಕೆಲವು ಕಡೆ ವಿವರಣೆಯನ್ನು ಹಿಗ್ಗಿಸಿದ್ದೇನೆ.)

1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಲಂಡನ್ನಿನ ಪುಡ್ಡಿಂಗ್ ಲೇನಿನ ಒಂದು ಬ್ರೆಡ್ ಅಂಗಡಿಯಲ್ಲಿ ಹೊತ್ತಿಕೊಂಡ ಬೆಂಕಿ ನಾಲ್ಕೈದು ದಿನಗಳಲ್ಲಿ ಸುಮಾರು 13,200 ಮನೆಗಳನ್ನು, 87 ಪ್ಯಾರಿಷ್ ಚರ್ಚುಗಳನ್ನು ಮತ್ತು ಹಳೆಯ ಸೇಂಟ್ ಪಾಲ್ ಮಹಾಮಂದಿರವನ್ನು ಸುಟ್ಟುಹಾಕಿತು. ಬೂದಿ ಇನ್ನೂ ಆರಿರಲಿಲ್ಲ; ಅದೇ ತಿಂಗಳ 11ನೆಯ ತಾರೀಖಿಗೆ ಆಕ್ಸ್‌ಫರ್ಡಿನ ಖಗೋಳಶಾಸ್ತ್ರದ ಪ್ರಾಧ್ಯಾಪಕ, 33 ವರ್ಷದ ಕ್ರಿಸ್ಟೋಫರ್ ರೆನ್ ದೊರೆ ಎರಡನೆಯ ಚಾರ್ಲ್ಸನ ಮುಂದೆ ಹೊಸ ನಗರದ ನಕ್ಷೆಯನ್ನು ಹರಡಿದ. ಎರಡು ದಿನ ಕಳೆದು ಬರಹಗಾರ ಜಾನ್ ಈವ್ಲಿನ್ ತನ್ನದೊಂದು ನಕ್ಷೆ ತಂದ. ರೆನ್ನನ ನಕ್ಷೆಯಲ್ಲಿ ಅಗಲವಾದ ನೇರ ರಸ್ತೆಗಳಿದ್ದವು, ಆ ರಸ್ತೆಗಳು ಬಂದು ಕೂಡುವ ಚೌಕಗಳಿದ್ದವು, ಥೇಮ್ಸ್ ನದಿಯ ಉದ್ದಕ್ಕೂ ತೆರೆದ ದಂಡೆಯಿತ್ತು. ಈ ಬಗೆಯ ರಸ್ತೆಗಳನ್ನು ಪ್ಯಾರಿಸ್ ಕಾಣಲು ಇನ್ನೂ ಸುಮಾರು ಎರಡು ಶತಮಾನ ಬೇಕಿತ್ತು. ದೊರೆ ಮೆಚ್ಚಿದ. ನಕ್ಷೆ ಮಾತ್ರ ಕಾಗದದಲ್ಲೇ ಉಳಿಯಿತು.

ಯಾಕೆ ಉಳಿಯಿತು ಎಂಬುದೇ ಇವತ್ತಿನ ನನ್ನ ವಿಷಯ. ಯೂರೋಪಿನ ಹಳೆಯ ನಗರಗಳನ್ನು ನೋಡಿ ಬಂದವರು ಸಾಮಾನ್ಯವಾಗಿ ಹೇಳುವುದು ಅರಮನೆಯ ವೈಭವ, ಗೋಪುರದ ಎತ್ತರ, ರಸ್ತೆಯ ನೇರ. ಅಧಿಕಾರವು ತನ್ನನ್ನು ಕಲ್ಲಿನಲ್ಲಿ ಮೆರೆಸಿಕೊಂಡಿತು ಎಂದು ಅದಕ್ಕೆ ವ್ಯಾಖ್ಯಾನವನ್ನೂ ಕೊಡುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಮೆರೆಯುವ ಆಸೆ ಎಲ್ಲ ದೊರೆಗಳಿಗೂ ಇತ್ತು. ಕೆಲವರಿಗೆ ಮಾತ್ರ ಅದು ಸಾಧ್ಯವಾದದ್ದು ಹೇಗೆ ಎಂದು ಕೇಳಿದರೆ ವಾಸ್ತುಶಿಲ್ಪಿಯ ನಕ್ಷೆಯನ್ನು ಬದಿಗಿಟ್ಟು ಎರಡು ಒಣ ಪ್ರಶ್ನೆಗಳ ಹಿಂದೆ ಹೋಗಬೇಕಾಗುತ್ತದೆ: ಇನ್ನೊಬ್ಬನ ನೆಲವನ್ನು ತೆಗೆದುಕೊಳ್ಳುವ ಹಕ್ಕು ಯಾರಿಗಿತ್ತು, ಅದಕ್ಕೆ ಬೇಕಾದ ಹಣ ಎಲ್ಲಿಂದ ಬಂತು.

ಲಂಡನ್ನಿನಲ್ಲಿ ನೆಲ ದೊರೆಯದಾಗಿರಲಿಲ್ಲ. ಸುಟ್ಟ ಪ್ರದೇಶದ ಒಂದೊಂದು ತುಂಡಿಗೂ ಒಡೆಯನಿದ್ದ, ಅವನ ಕೆಳಗೆ ಗೇಣಿದಾರನಿದ್ದ, ಅವನ ಕೆಳಗೆ ಒಳಗೇಣಿದಾರನಿದ್ದ. ಚಾರ್ಲ್ಸನ ತಂದೆಯ ತಲೆಯನ್ನು 1649ರಲ್ಲಿ ಅದೇ ನಗರದ ವೈಟ್‌ಹಾಲ್ ಅರಮನೆಯ ಔತಣಶಾಲೆಯ ಎದುರಿಗೆ ತೆಗೆದಿದ್ದರು. ಅಂಥ ದೊರೆ ವರ್ತಕರ ನಿವೇಶನಗಳಿಗೆ ಕೈಹಾಕುವ ಸ್ಥಿತಿಯಲ್ಲಿರಲಿಲ್ಲ. ಹೀಗಾಗಿ 1667ರ ಪುನರ್ನಿರ್ಮಾಣ ಕಾಯಿದೆ ಹಳೆಯ ಬೀದಿಗಳನ್ನು ಬಹುಪಾಲು ಇದ್ದಲ್ಲಿಯೇ ಬಿಟ್ಟಿತು, ಕೆಲವನ್ನು ಅಗಲಿಸಿತು, ಗಿಲ್ಡ್‌ಹಾಲಿನಿಂದ ನದಿಗೆ ಇಳಿಯುವ ಕಿಂಗ್ ಸ್ಟ್ರೀಟ್ ಮತ್ತು ಕ್ವೀನ್ ಸ್ಟ್ರೀಟುಗಳನ್ನು ಹೊಸದಾಗಿ ತೆಗೆಯಿತು. ಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕೆಂದು ವಿಧಿಸಿತು. ಮನೆಗಳನ್ನು ನಾಲ್ಕು ವರ್ಗ ಮಾಡಿ, ಓಣಿಯಲ್ಲಿ ಎಷ್ಟು ಅಂತಸ್ತು, ಹೆದ್ದಾರಿಯಲ್ಲಿ ಎಷ್ಟು ಎಂದು ಹೇಳಿತು. ರಸ್ತೆಗೆ ಹೋದ ನೆಲದ ಪರಿಹಾರವನ್ನು ಲಂಡನ್ನಿಗೆ ಬರುವ ಕಲ್ಲಿದ್ದಲಿನ ಮೇಲಿನ ಸುಂಕದಿಂದ ಕೊಟ್ಟರು. ಮನೆ ಸುಟ್ಟರೂ ಬಾಡಿಗೆ ಕೊಡಬೇಕೆ, ಮತ್ತೆ ಕಟ್ಟುವ ಖರ್ಚು ಒಡೆಯನದೋ ಗೇಣಿದಾರನದೋ ಎಂಬ ವ್ಯಾಜ್ಯಗಳನ್ನು ಬೇಗ ತೀರಿಸಲು ‘ಬೆಂಕಿ ನ್ಯಾಯಾಲಯ’ ಎಂದೇ ಒಂದು ವಿಶೇಷ ನ್ಯಾಯಪೀಠ ಕೂತಿತು. ರೆನ್ನನಿಗೆ ಸಿಕ್ಕಿದ್ದು ಸೇಂಟ್ ಪಾಲ್ ಮಂದಿರ ಮತ್ತು ಐವತ್ತಕ್ಕೂ ಹೆಚ್ಚು ಚರ್ಚುಗಳು. ಅವು ಅವನ ಕೀರ್ತಿಗೆ ಸಾಕಾದವು ನಿಜ, ಆದರೆ ನಗರದ ವಿನ್ಯಾಸವನ್ನು ನಿರ್ಧರಿಸಿದವರು ನಿವೇಶನದ ಒಡೆಯರು. ಇದನ್ನು ಹಲವರು ಕಳೆದುಹೋದ ಅವಕಾಶವೆಂದು ಬಣ್ಣಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದೊರೆಯ ಕೈಯನ್ನು ಕಾನೂನು ಕಟ್ಟಿಹಾಕಿದ್ದಕ್ಕೆ ಲಂಡನ್ನಿನ ಸೊಟ್ಟ ಬೀದಿಗಳು ಇಂದಿಗೂ ಸಾಕ್ಷಿಯಾಗಿವೆ. ಅಧಿಕಾರ ಎಲ್ಲಿ ನಿಂತಿತು ಎಂಬುದೂ ಅಧಿಕಾರದ ಇತಿಹಾಸವೇ.

ಇದಕ್ಕೂ ಹಿಂದೆ, ಇಟಲಿಯ ನಗರ ಗಣರಾಜ್ಯಗಳಲ್ಲಿ, ಅಧಿಕಾರ ಇನ್ನೊಂದು ಬಗೆಯಲ್ಲಿ ಕೆಲಸ ಮಾಡಿತ್ತು. ಅಲ್ಲಿ ಆಳುತ್ತಿದ್ದದ್ದು ಸಮಿತಿ. ಅದರ ಆಯುಧ ನಿಯಮ. ಫ್ಲಾರೆನ್ಸಿನಲ್ಲಿ ಶ್ರೀಮಂತ ಮನೆತನಗಳು ಪರಸ್ಪರ ಹೊಡೆದಾಡಲು ಎತ್ತರದ ಗೋಪುರಗಳನ್ನು ಕಟ್ಟಿಕೊಂಡಿದ್ದವು. 1250ರಲ್ಲಿ ಜನಪಕ್ಷದ ಆಡಳಿತ ಬಂದಾಗ ಯಾವ ಗೋಪುರವೂ 50 ಬ್ರಾಚಿಯ, ಅಂದರೆ ಸುಮಾರು 29 ಮೀಟರು, ಮೀರಬಾರದೆಂದು ಆಜ್ಞೆ ಹೊರಡಿಸಿ ಹೆಚ್ಚುವರಿ ಭಾಗವನ್ನು ಕೆಡವಿಸಿತು. ಸಿಯೆನಾವನ್ನು 1287ರಿಂದ 1355ರವರೆಗೆ ಆಳಿದ ಒಂಬತ್ತು ಮಂದಿಯ ಮಂಡಳಿ 1297ರಲ್ಲಿ ಕಾಂಪೊ ಚೌಕದ ಸುತ್ತ ಕಟ್ಟುವವರು ಕಿಟಕಿಗೆ ಸಣ್ಣ ಕಂಬಗಳನ್ನು ಇಡಬೇಕು, ಮುಂಚಾಚಿದ ಮೊಗಸಾಲೆ ಕಟ್ಟಕೂಡದು ಎಂದು ಕಾಯಿದೆ ಮಾಡಿತು. ಅದೇ ಚೌಕದ ನೆಲಹಾಸು ಇವತ್ತಿಗೂ ಒಂಬತ್ತು ಭಾಗಗಳಾಗಿ ಬೀಸಣಿಗೆಯಂತೆ ಹರಡಿಕೊಂಡಿದೆ; ಮಂಡಳಿ ಬಿದ್ದುಹೋಗಿ ಆರೂವರೆ ಶತಮಾನ ಕಳೆದರೂ ಅದರ ಸಂಖ್ಯೆ ನೆಲದ ಮೇಲೆ ಉಳಿದಿದೆ.

ಫ್ಲಾರೆನ್ಸಿನ ಗಣರಾಜ್ಯ ಮುಗಿದು ಮೆಡಿಚಿ ಮನೆತನ ಡ್ಯೂಕರಾಗಿ ಕೂತಾಗ ಅದೇ ನಗರದ ಭಾಷೆ ಬದಲಾಯಿತು. ಒಂದನೆಯ ಕೊಸಿಮೊ 1560ರಲ್ಲಿ ಉಫಿತ್ಸಿ ಕಟ್ಟಡವನ್ನು ಆರಂಭಿಸಿದ್ದು ಚಿತ್ರಶಾಲೆಗಾಗಿ ಅಲ್ಲ. ಗಣರಾಜ್ಯದ ಕಾಲದಿಂದ ಊರಿನಲ್ಲಿ ಅಲ್ಲಲ್ಲಿ ಚದುರಿಹೋಗಿದ್ದ ಕಚೇರಿಗಳನ್ನೂ ವೃತ್ತಿಸಂಘಗಳನ್ನೂ ತನ್ನ ಕಣ್ಣಳತೆಯಲ್ಲಿ ಒಂದೇ ಸೂರಿನಡಿ ತರುವುದಕ್ಕಾಗಿ. 1565ರಲ್ಲಿ, ಮಗನ ಮದುವೆಯ ಹೊತ್ತಿಗೆ, ವಾಸ್ತುಶಿಲ್ಪಿ ವಸಾರಿಯಿಂದ ಐದು ತಿಂಗಳಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಮೇಲ್ದಾರಿಯೊಂದನ್ನು ಕಟ್ಟಿಸಿದ. ಅದು ಆಡಳಿತ ಸೌಧದಿಂದ ಹೊರಟು, ಪೊಂತೆ ವೆಕ್ಕಿಯೊ ಸೇತುವೆಯ ಅಂಗಡಿಗಳ ಮೇಲಿಂದ ನದಿ ದಾಟಿ, ಪಿಟ್ಟಿ ಅರಮನೆ ಸೇರುತ್ತದೆ. ಡ್ಯೂಕ್ ಜನರ ನಡುವೆ ಕಾಲಿಡದೆ ಓಡಾಡಬಹುದಿತ್ತು. ಸೇತುವೆಯ ಆ ತುದಿಯಲ್ಲಿ ಮನ್ನೆಲ್ಲಿ ಮನೆತನದವರು ತಮ್ಮ ಹಳೆಯ ಗೋಪುರವನ್ನು ಕೆಡವಲು ಒಪ್ಪಲಿಲ್ಲ. ನೇರ ಬರುವ ಮೇಲ್ದಾರಿ ಅಲ್ಲಿ ಗೋಪುರವನ್ನು ಬಳಸಿಕೊಂಡು ಹೋಗುತ್ತದೆ. ಇಂಥ ತಿರುವುಗಳನ್ನು ಹುಡುಕಿ ನೋಡುವುದು ನನಗೆ ಅರಮನೆಯೊಳಗಿನ ಬಂಗಾರದ ಛಾವಣಿಗಿಂತ ಹೆಚ್ಚು ಇಷ್ಟ. ಕಸಾಯಿಗಳ ಕಥೆ ಮಾತ್ರ ಬೇರೆ: ಮೇಲ್ದಾರಿಯ ಕೆಳಗಿನ ವಾಸನೆ ಸಹಿಸಲಾಗದೆ 1593ರಲ್ಲಿ ಆಗಿನ ಮೆಡಿಚಿ ಡ್ಯೂಕ್ ಫರ್ಡಿನಾಂಡೊ ಆ ಕಸಾಯಿಗಳನ್ನು ಸೇತುವೆಯಿಂದ ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದ. ಗೋಪುರವಿದ್ದವನಿಗೆ ಇಲ್ಲವೆನ್ನುವ ಶಕ್ತಿಯಿತ್ತು, ಮಾಂಸದ ಅಂಗಡಿಯವನಿಗೆ ಇರಲಿಲ್ಲ.

ರೋಮಿನಲ್ಲಿ ಧರ್ಮಗುರುವೇ ರಾಜ. ಐದನೆಯ ಸಿಕ್ಸ್ಟಸ್ ಪೋಪನಾಗಿ ಇದ್ದದ್ದು 1585ರಿಂದ 1590ರವರೆಗೆ, ಬರೀ ಐದು ವರ್ಷ. ಆ ಅವಧಿಯಲ್ಲಿ ಅವನ ಎಂಜಿನಿಯರ್ ಡೊಮೆನಿಕೊ ಫೊಂಟಾನ, ಯಾತ್ರಿಕರು ಭೇಟಿ ಕೊಡುವ ಮಹಾಚರ್ಚುಗಳನ್ನು ಬೆಟ್ಟ ಹಳ್ಳಗಳನ್ನು ಲೆಕ್ಕಿಸದೆ ನೇರ ರಸ್ತೆಗಳಿಂದ ಜೋಡಿಸಿದ. ರಸ್ತೆಗಳು ಮುಟ್ಟುವ ಕಡೆ ನಾಲ್ಕು ಒಬೆಲಿಸ್ಕುಗಳನ್ನು, ಅಂದರೆ ಮೊನೆಚಾದ ಎತ್ತರದ ಕಲ್ಲುಕಂಬಗಳನ್ನು, ನಿಲ್ಲಿಸಿದ. ಸೇಂಟ್ ಪೀಟರ್ ಮಂದಿರದ ಪಕ್ಕದಲ್ಲಿದ್ದ ಸುಮಾರು 25 ಮೀಟರ್ ಎತ್ತರದ ಏಕಶಿಲೆಯನ್ನು 1586ರಲ್ಲಿ ಮುಂಭಾಗಕ್ಕೆ ಸಾಗಿಸಲು ಸುಮಾರು 900 ಮಂದಿ ದುಡಿದರು. ಎಲ್ಲರೂ ಹೇಳುವ ಕಥೆ ಇದು. ಅಷ್ಟಾಗಿ ಯಾರೂ ಹೇಳದ ಸಂಗತಿ ಎಂದರೆ, ಆ ರಸ್ತೆಗಳು ಹಾದುಹೋದ ಗುಡ್ಡಗಳಲ್ಲಿ ಆಗ ಹೆಚ್ಚಾಗಿ ಇದ್ದದ್ದು ದ್ರಾಕ್ಷಿ ತೋಟ ಮತ್ತು ಪಾಳು. ಕುಡಿಯುವ ನೀರಿಲ್ಲದೆ ಜನ ಅಲ್ಲಿಂದ ಇಳಿದುಹೋಗಿ ಶತಮಾನಗಳೇ ಆಗಿದ್ದವು. ಸಿಕ್ಸ್ಟಸ್ ಆಕ್ವಾ ಫೆಲಿಚೆ ಕಾಲುವೆಯಿಂದ ಅಲ್ಲಿಗೆ ನೀರು ತಂದ, ಹೊಸ ರಸ್ತೆಯ ಅಂಚಿನಲ್ಲಿ ಮನೆ ಕಟ್ಟುವವರಿಗೆ ತೆರಿಗೆ ಮತ್ತಿತರ ವಿನಾಯಿತಿ ಕೊಟ್ಟ. ಅಗ್ಗದ ಖಾಲಿ ನೆಲ, ನೀರು, ರಿಯಾಯಿತಿ ಮೂರೂ ಸೇರಿದ್ದರಿಂದ ನಕ್ಷೆ ನಿಜವಾಯಿತು. ಹಣಕ್ಕಾಗಿ ಅವನು ಹೊಸ ತೆರಿಗೆಗಳನ್ನು ಹಾಕಿದ, ಹುದ್ದೆಗಳನ್ನು ಮಾರಿದ, ಸಾಲ ಎತ್ತಿದ. ಪ್ರಾಚೀನ ಸೆಪ್ಟಿಜೋಡಿಯಮ್ ಕಟ್ಟಡವನ್ನು ಕಲ್ಲಿಗಾಗಿ ಕಿತ್ತುಹಾಕಿಸಿದ. ಕೊಲೊಸಿಯಮ್ಮನ್ನು ಉಣ್ಣೆಯ ಕಾರ್ಖಾನೆ ಮಾಡುವ ಯೋಜನೆಯೂ ಅವನಲ್ಲಿತ್ತು.

ರಷ್ಯದ ಪೀಟರ್ ದೊರೆ ಇನ್ನೂ ಒರಟು. 1703ರಲ್ಲಿ ಜೌಗಿನ ಮೇಲೆ ಸೇಂಟ್ ಪೀಟರ್ಸ್‌ಬರ್ಗ್ ಕಟ್ಟಲು ಆರಂಭಿಸಿದ ಅವನು 1714ರಲ್ಲಿ ಸಾಮ್ರಾಜ್ಯದ ಬೇರೆಲ್ಲಿಯೂ ಕಲ್ಲಿನ ಕಟ್ಟಡ ಕಟ್ಟಬಾರದೆಂದು ನಿಷೇಧಿಸಿ ಕಲ್ಲುಕುಟಿಗರು ತನ್ನ ಊರಿಗೇ ಬರುವಂತೆ ಮಾಡಿದ. ಅಂಥ ಆಜ್ಞೆಯ ಮುಂದೆ ನಗರಯೋಜನೆಯ ಸೂಕ್ಷ್ಮಗಳನ್ನು ಚರ್ಚಿಸುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಲಂಡನ್ನಿಗೆ ನಿಜವಾಗಿ ಹೋಲಿಸಬೇಕಾದ ನಗರ ಲಿಸ್ಬನ್. 1755ರ ನವೆಂಬರ್ 1, ಸರ್ವ ಸಂತರ ಹಬ್ಬದ ದಿನ, ಜನ ಚರ್ಚುಗಳಲ್ಲಿದ್ದ ಬೆಳಗಿನ ಹೊತ್ತಿನಲ್ಲಿ ಭೂಕಂಪವಾಯಿತು, ಅದರ ಬೆನ್ನಿಗೆ ಸಮುದ್ರದ ಅಲೆ, ಆಮೇಲೆ ಬೆಂಕಿ. ದೊರೆ ಮೊದಲನೆಯ ಜೋಸೆ ಕಲ್ಲಿನ ಛಾವಣಿಗೆ ಹೆದರಿ ಅಜುಡಾದ ಗುಡ್ಡದ ಮೇಲೆ ಮರದ ಬೀಡಿನಲ್ಲಿ ಉಳಿದ. ಆಡಳಿತವೆಲ್ಲ ಮಂತ್ರಿಯ ಕೈಗೆ ಹೋಯಿತು. ಈ ಮಂತ್ರಿಯೇ ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದವನು. ಹಿರಿಯ ಸೇನಾ ಎಂಜಿನಿಯರ್ ಮಾನುಯೆಲ್ ದ ಮಾಯ ಡಿಸೆಂಬರಿನಲ್ಲೇ ಹಲವು ಮಾರ್ಗಗಳನ್ನು ಅವನ ಮುಂದಿಟ್ಟ: ಇದ್ದಂತೆಯೇ ಮತ್ತೆ ಕಟ್ಟುವುದು, ಬೀದಿಗಳನ್ನು ಅಗಲಿಸಿ ಕಟ್ಟುವುದು, ಬೈಶಾ ಎಂಬ ತಗ್ಗಿನ ಭಾಗವನ್ನು ಪೂರ್ತಿ ಸಮಮಾಡಿ ಹೊಸ ವಿನ್ಯಾಸದಲ್ಲಿ ಕಟ್ಟುವುದು, ಇಲ್ಲವೇ ಹಳೆಯ ಊರನ್ನೇ ಬಿಟ್ಟು ಬೆಲೆಮ್ ಕಡೆಗೆ ರಾಜಧಾನಿಯನ್ನು ಒಯ್ಯುವುದು. ಪೊಂಬಾಲ್ ಬೈಶಾವನ್ನು ಸಮಮಾಡುವುದನ್ನು ಆರಿಸಿದ. ನಕ್ಷೆ ಒಪ್ಪಿಗೆಯಾಗುವವರೆಗೆ ಯಾರೂ ಕಟ್ಟಕೂಡದೆಂದು ಆಜ್ಞೆಯಾಯಿತು. 1758ರ ಮೇ ತಿಂಗಳ ಕಾನೂನು ಹಳೆಯ ನಿವೇಶನಗಳ ಗಡಿಗಳನ್ನು ಅಳಿಸಿ, ಅಳತೆಗೆ ಅಳತೆ ಲೆಕ್ಕ ಹಾಕಿ, ಹೊಸ ಚೌಕುಳಿ ಬೀದಿಗಳಲ್ಲಿ ನೆಲವನ್ನು ಮರುಹಂಚಿತು. ಗಡುವಿನೊಳಗೆ ಕಟ್ಟದವರ ನಿವೇಶನ ಕಟ್ಟಬಲ್ಲವರ ಪಾಲಾಯಿತು. ಲಂಡನ್ನಿನ ಸಂಸತ್ತು ಕೈಹಾಕಲು ಹಿಂಜರಿದ ಕೆಲಸ ಇಲ್ಲಿ ರಾಜಶಾಸನದ ಒಂದು ಬರಹದಿಂದ ನಡೆದುಹೋಯಿತು.

ಹಣದಲ್ಲಿ ಒಂದು ಭಾಗ ವರ್ತಕರದು. ಆಮದು ಸರಕಿನ ಸುಂಕದ ಮೇಲೆ ಶೇ. 4ರಷ್ಟು ‘ಕಾಣಿಕೆ’ ಕೊಡಲು ಲಿಸ್ಬನ್ನಿನ ವ್ಯಾಪಾರಿಗಳು ಒಪ್ಪಿದರು. ಬ್ರೆಜಿಲ್ಲಿನ ಚಿನ್ನ ಇನ್ನೂ ಬರುತ್ತಿದ್ದ ಕಾಲವದು. ವರ್ತಕರಿಗೆ ಸಿಕ್ಕ ಪ್ರತಿಫಲ ಊರಿನ ಮುಖದ ಮೇಲೆಯೇ ಕಾಣುತ್ತದೆ: ನದಿಯಂಚಿನಲ್ಲಿ ಅರಮನೆಯಿದ್ದ ಜಾಗದಲ್ಲಿ ಅರಮನೆ ಮತ್ತೆ ಏಳಲಿಲ್ಲ, ಸುಂಕದ ಕಟ್ಟೆ ಮತ್ತು ಸರಕಾರಿ ಕಚೇರಿಗಳು ಸುತ್ತುವರಿದ ಚೌಕ ಬಂತು, ಅದಕ್ಕೆ ‘ವಾಣಿಜ್ಯ ಚೌಕ’ ಎಂದು ಹೆಸರಾಯಿತು. ಅದರ ಹಿಂದಿನ ಬೀದಿಗಳಿಗೆ ಚಿನ್ನ, ಬೆಳ್ಳಿ ಮುಂತಾದ ಕಸುಬುಗಳ ಹೆಸರು. ಮನೆಗಳ ಮುಂಭಾಗವೆಲ್ಲ ಒಂದೇ ಅಚ್ಚು. ಗೋಡೆಯೊಳಗೆ ಭೂಕಂಪ ತಡೆಯಲೆಂದು ಪಂಜರದಂತೆ ಹೆಣೆದ ಮರದ ಚೌಕಟ್ಟು. ಕುಲೀನ ಮನೆತನದವನ ಮನೆಗೂ ಬಟ್ಟೆ ವ್ಯಾಪಾರಿಯ ಮನೆಗೂ ಹೊರಗಿನಿಂದ ವ್ಯತ್ಯಾಸ ತಿಳಿಯದಂತಾಯಿತು. ಈ ಸಮತೆಯನ್ನು ವೈಚಾರಿಕ ಯುಗದ ಕೊಡುಗೆಯೆಂದು ಹೊಗಳುವವರು ಅದರ ಜೊತೆಗೆ ಇನ್ನೊಂದನ್ನೂ ನೆನೆಯಬೇಕು. ಬೈಶಾದ ಬೀದಿಗಳನ್ನು ಅಳೆಯುತ್ತಿದ್ದ ಕಾಲದಲ್ಲೇ, 1759ರ ಜನವರಿಯಲ್ಲಿ, ದೊರೆಯ ಕೊಲೆಯತ್ನದ ಆರೋಪ ಹೊರಿಸಿ ತಾವೊರ ಎಂಬ ಕುಲೀನ ಮನೆತನದವರನ್ನು ಜನರೆದುರು ಚಿತ್ರಹಿಂಸೆ ಕೊಟ್ಟು ಕೊಲ್ಲಲಾಯಿತು. ಅದೇ ವರ್ಷ ಜೆಸುಯಿಟ್ ಪಾದ್ರಿಗಳನ್ನು ದೇಶದಿಂದ ಹೊರಗಟ್ಟಲಾಯಿತು. ಕುಲೀನರನ್ನು ಮುರಿದ ಕೈಯೇ ಅವರ ಮನೆಯ ಮುಂಭಾಗವನ್ನೂ ಸಪಾಟು ಮಾಡಿತು. ಚೌಕದ ನಡುವಿನ ಕುದುರೆ ಸವಾರ ದೊರೆಯ ಪ್ರತಿಮೆ 1775ರಲ್ಲಿ ಅನಾವರಣವಾದಾಗ ಪೀಠದ ಮೇಲೆ ಪೊಂಬಾಲನ ಮುಖದ ಕಂಚಿನ ಪದಕವೂ ಇತ್ತು. 1777ರಲ್ಲಿ ದೊರೆ ಸತ್ತು ಮಂತ್ರಿ ಬಿದ್ದೊಡನೆ ಅದನ್ನು ಕಿತ್ತರು. 1833ರಲ್ಲಿ ಮತ್ತೆ ಕೂರಿಸಿದರು.

ಈಗ ಪ್ಯಾರಿಸ್. ಮೂರನೆಯ ನೆಪೋಲಿಯನ್ 1851ರ ಡಿಸೆಂಬರಿನಲ್ಲಿ ಕ್ಷಿಪ್ರಕ್ರಾಂತಿಯಿಂದ ಅಧಿಕಾರ ಹಿಡಿದ. 1853ರಲ್ಲಿ ಓಸ್ಮಾನನನ್ನು ಪ್ಯಾರಿಸ್ ಸೇರಿದ ಸೇನ್ ಜಿಲ್ಲೆಯ ಪ್ರಿಫೆಕ್ಟ್, ಅಂದರೆ ಸರಕಾರ ನೇಮಿಸುವ ಜಿಲ್ಲಾಧಿಕಾರಿ, ಮಾಡಿದ. 1870ರ ಜನವರಿವರೆಗೆ ನಗರ ಅವನ ಕೈಯಲ್ಲಿತ್ತು. ಆ ರಸ್ತೆಗಳನ್ನು ಅಗಲ ಮಾಡಿದ್ದು ಫಿರಂಗಿ ಹಾರಿಸಲಿಕ್ಕೇ ಎಂಬ ಮಾತು ನಮ್ಮಲ್ಲೂ ಚಾಲ್ತಿಯಲ್ಲಿದೆ. ಅದರಲ್ಲಿ ಅರ್ಧ ನಿಜವಿದೆ. 1830, 1832, 1848ರಲ್ಲಿ ಜನ ಬೀದಿಗೆ ಅಡ್ಡಗಟ್ಟೆ ಹಾಕಿ ಸೈನ್ಯವನ್ನು ತಡೆದಿದ್ದರು. ಸೆಬಾಸ್ತೊಪೋಲ್ ಮಾರ್ಗ ದಂಗೆಗಳ ಕೇರಿಯ ಹೊಟ್ಟೆಯನ್ನೇ ಸೀಳಿತು ಎಂಬರ್ಥದಲ್ಲಿ ಓಸ್ಮಾನನೇ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಸೇಂಟ್ ಮಾರ್ಟಿನ್ ಕಾಲುವೆ ದಂಗೆಕೋರರಿಗೆ ಕಂದಕವಾಗಿತ್ತು. ಅದನ್ನು ತಗ್ಗಿಸಿ ಮೇಲೆ ಮುಚ್ಚಿಗೆ ಹಾಕಿ ರಸ್ತೆ ಮಾಡಿದ. ಇಂದಿನ ರೆಪುಬ್ಲಿಕ್ ಚೌಕದ ಬಳಿ ದೊಡ್ಡ ಬ್ಯಾರಕ್ಕು ಎದ್ದಿತು. ಆದರೆ ಎಂಜಿನಿಯರ್ ಬೆಲ್‌ಗ್ರಾಂ ತಂದ ಕುಡಿಯುವ ನೀರು ಮತ್ತು ಒಳಚರಂಡಿ, ಆಲ್ಫಾಂ ಮಾಡಿದ ಉದ್ಯಾನಗಳು, ರೈಲು ನಿಲ್ದಾಣಗಳನ್ನು ಊರಿನ ನಡುವಿಗೆ ಜೋಡಿಸಿದ ದಾರಿಗಳು, ಇವಾವುದಕ್ಕೂ ಫಿರಂಗಿ ಕಾರಣವಾಗಲಾರದು.

ನನಗೆ ಫಿರಂಗಿಗಿಂತ ಮುಖ್ಯವೆನಿಸುವುದು 1852ರ ಮಾರ್ಚ್ 26ರ ಆದೇಶ. ಅದಕ್ಕೆ ಮೊದಲು ರಸ್ತೆಗೆ ಬೇಕಾದಷ್ಟು ನೆಲವನ್ನು ಮಾತ್ರ ಸ್ವಾಧೀನ ಮಾಡಬಹುದಿತ್ತು. ಈ ಆದೇಶದ ಪ್ರಕಾರ, ಉಳಿಯುವ ತುಂಡಿನಲ್ಲಿ ಆರೋಗ್ಯಕರವಾದ ಮನೆ ಕಟ್ಟಲಾಗದಿದ್ದರೆ ಇಡೀ ನಿವೇಶನವನ್ನೇ ತೆಗೆದುಕೊಳ್ಳಬಹುದಾಯಿತು. ಓಣಿಯಲ್ಲಿದ್ದ ನೆಲ ರಸ್ತೆಯಾದ ಮೇಲೆ ಬುಲೆವಾರಿನ, ಅಂದರೆ ಅಗಲವಾದ ಹೆದ್ದಾರಿಯ, ಅಂಚಿನ ನೆಲವಾಗಿ ಹಲವು ಪಟ್ಟು ಬೆಲೆಗೆ ಏರುತ್ತದೆ. ಆ ಏರಿಕೆಯನ್ನು ನಗರವೇ ಪಡೆದು ಮುಂದಿನ ರಸ್ತೆಗೆ ಹಾಕಬೇಕೆಂಬುದು ಲೆಕ್ಕಾಚಾರ. ಆಗ ಪ್ಯಾರಿಸ್ಸಿಗೆ ಚುನಾಯಿತ ಮೇಯರ್ ಇರಲಿಲ್ಲ, ನಗರಸಭೆಯ ಸದಸ್ಯರನ್ನು ಸರಕಾರವೇ ನೇಮಿಸುತ್ತಿತ್ತು, ಪ್ರಶ್ನಿಸುವವರಿಲ್ಲವೆಂದು ಕಾಣುತ್ತಿತ್ತು. ತಡೆ ಬಂದದ್ದು ಆಸ್ತಿವಂತರಿಂದ. ಪರಿಹಾರವನ್ನು ನಿರ್ಧರಿಸುತ್ತಿದ್ದ ಪಂಚರು 1841ರ ಕಾನೂನಿನಂತೆ ಸ್ವತಃ ಆಸ್ತಿವಂತರೇ ಆಗಿದ್ದರಿಂದ ಮೊತ್ತ ಉದಾರವಾಗಿರುತ್ತಿತ್ತು. 1858ರಲ್ಲಿ ಆಡಳಿತದ ವ್ಯಾಜ್ಯಗಳನ್ನು ತೀರಿಸುವ ರಾಜ್ಯಮಂಡಳಿಯು ರಸ್ತೆಗೆ ಬಳಸದೆ ಉಳಿದ ನೆಲವನ್ನು ಹಳೆಯ ಒಡೆಯರಿಗೇ ಮರಳಿಸಬೇಕೆಂದು ಹೇಳಿಬಿಟ್ಟಿತು. ಏರಿದ ಬೆಲೆ ಒಡೆಯರ ಜೇಬಿಗೆ ಹೋಯಿತು. ಕೆಡವಿದ ಖರ್ಚು ನಗರದ ತಲೆಗೆ ಬಂತು.

ಅಲ್ಲಿಂದ ಮುಂದಿನದು ಸಾಲದ ಕಥೆ. ಗುತ್ತಿಗೆದಾರರೇ ನೆಲ ಕೊಂಡು, ರಸ್ತೆ ಮಾಡಿ ನಗರಕ್ಕೆ ಒಪ್ಪಿಸುವುದು, ನಗರ ಹಲವು ವರ್ಷಗಳ ಕಂತಿನಲ್ಲಿ ಹಣ ಕೊಡುವುದು ಎಂಬ ಏರ್ಪಾಡು ಬಂತು. ಮುಂದೆ ಬರಬೇಕಾದ ಆ ಕಂತುಗಳ ಮೇಲೆ ಹುಂಡಿಯಂಥ ಪತ್ರಗಳನ್ನು ಹೊರಡಿಸಿ ಕ್ರೆದಿ ಫೋಂಸಿಯೆ ಬ್ಯಾಂಕಿಗೆ ಮಾರಿ ಕೈಗೆ ಈಗಲೇ ಹಣ ಪಡೆಯುತ್ತಿದ್ದರು. ಹೆಸರಿಗೆ ಅದು ಗುತ್ತಿಗೆ, ನಿಜದಲ್ಲಿ ಶಾಸನಸಭೆಯ ಒಪ್ಪಿಗೆಯಿಲ್ಲದ ಸಾಲ. 1867ರ ಕೊನೆಯಿಂದ ಜೂಲ್ ಫೆರಿ ಎಂಬ ಗಣರಾಜ್ಯವಾದಿ ವಕೀಲ ಪತ್ರಿಕೆಯಲ್ಲಿ ಈ ಲೆಕ್ಕಗಳನ್ನು ಬಿಡಿಸಿ ಬರೆಯತೊಡಗಿದ. ಓಸ್ಮಾನ್ ಉರುಳಿದ್ದು ಅಡ್ಡಗಟ್ಟೆಯಿಂದಲ್ಲ, ಲೆಕ್ಕದ ಪುಸ್ತಕದಿಂದ. ಈ ನಡುವೆ ಊರಿನ ನಡುವಿನ ಸಿತೆ ದ್ವೀಪದ ಇಕ್ಕಟ್ಟಾದ ಮನೆಗಳಲ್ಲಿ ಬಾಡಿಗೆಗಿದ್ದ ಕೂಲಿಕಾರರು ಬೆಲ್‌ವಿಲ್ ಮುಂತಾದ ಹೊರವಲಯಗಳಿಗೆ ಚದುರಿದರು. ಒಡೆಯನಿಗೆ ಬಂದ ಉದಾರ ಪರಿಹಾರ ಅವರವರೆಗೆ ಇಳಿಯಲಿಲ್ಲ. 1871ರಲ್ಲಿ ಕಮ್ಯೂನ್ ಎಂಬ ಕ್ರಾಂತಿಕಾರಿ ನಗರಾಡಳಿತ ಎದ್ದಾಗ ಅದೇ ಅಗಲ ರಸ್ತೆಗಳಲ್ಲಿ ಮತ್ತೆ ಅಡ್ಡಗಟ್ಟೆಗಳು ಬಂದವು, ಸೈನ್ಯ ಅಕ್ಕಪಕ್ಕದ ಬೀದಿಗಳಿಂದ ಸುತ್ತುವರಿದು ಅವನ್ನು ಮುರಿಯಿತು.

ಮೂರನೆಯ ನೆಪೋಲಿಯನ್ನನ ಸಾಮ್ರಾಜ್ಯ ಹೋದರೂ ಕಾಮಗಾರಿ ನಿಲ್ಲಲಿಲ್ಲ. ಚಕ್ರವರ್ತಿಯ ಗಾಡಿ ನೇರ ಒಳಬರಲೆಂದು ವಿಶೇಷ ಮಂಟಪವಿಟ್ಟು ಕಟ್ಟತೊಡಗಿದ ಗಾರ್ನಿಯೆಯ ಒಪೆರಾ ಭವನ 1875ರಲ್ಲಿ ಉದ್ಘಾಟನೆಯಾದಾಗ ಚಕ್ರವರ್ತಿ ದೇಶಭ್ರಷ್ಟನಾಗಿ ಸತ್ತು ಎರಡು ವರ್ಷವಾಗಿತ್ತು. ಅದರೆದುರಿನ ಒಪೆರಾ ಮಾರ್ಗವನ್ನು ಗಣರಾಜ್ಯವೇ ಮುಗಿಸಿತು. ಓಸ್ಮಾನನ ಹೆಸರಿನ ಬುಲೆವಾರು ಪೂರ್ಣಗೊಂಡದ್ದು 1927ರಲ್ಲಿ. ಅಷ್ಟು ಸಾಲ ಮಾಡಿ ಅಷ್ಟು ಅಗೆದ ಮೇಲೆ ಗಣರಾಜ್ಯಕ್ಕೂ ಬೇರೆ ದಾರಿಯಿರಲಿಲ್ಲ.

ವಿಯೆನ್ನಾದಲ್ಲಿ ನೆಲ ಸ್ವಾಧೀನದ ಪ್ರಶ್ನೆಯೇ ಬರಲಿಲ್ಲ, ಏಕೆಂದರೆ ಕೋಟೆಗೋಡೆಯ ಹೊರಗೆ ನೂರಾರು ಮೀಟರ್ ಅಗಲದ ಬಯಲನ್ನು ಸೇನೆ ಶತ್ರುವಿಗೆ ಮರೆಸಿಗದಂತೆ ಖಾಲಿ ಇಟ್ಟಿತ್ತು. 1857ರ ಡಿಸೆಂಬರಿನಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ‘ಇದು ನನ್ನ ಇಚ್ಛೆ’ ಎಂದು ಆರಂಭವಾಗುವ ಆಜ್ಞೆಯಿಂದ ಕೋಟೆ ಕೆಡವಿಸಿದ. ಬಯಲನ್ನು ನಿವೇಶನ ಮಾಡಿ ಶ್ರೀಮಂತರಿಗೆ ಮಾರಿ, ಕಟ್ಟುವವರಿಗೆ ಹಲವು ವರ್ಷಗಳ ತೆರಿಗೆ ವಿನಾಯಿತಿ ಕೊಟ್ಟು, ಬಂದ ಹಣದ ನಿಧಿಯಿಂದ ಸಾರ್ವಜನಿಕ ಭವನಗಳನ್ನು ಎಬ್ಬಿಸಿದರು. 1865ರ ಮೇ 1ರಂದು ಸುಮಾರು 57 ಮೀಟರ್ ಅಗಲದ ರಿಂಗ್ ರಸ್ತೆ ತೆರೆಯಿತು. ಬಯಲನ್ನು ಬಿಟ್ಟುಕೊಡಲು ಸೇನೆ ಸುಲಭವಾಗಿ ಒಪ್ಪಲಿಲ್ಲ. 1848ರ ಕ್ರಾಂತಿಯ ನೆನಪು ಅದಕ್ಕೆ ಹಸಿಯಾಗಿತ್ತು. ಬ್ಯಾರಕ್ಕುಗಳು ಮೊದಲು ಎದ್ದವು, ಕವಾಯತಿನ ಮೈದಾನ ಉಳಿಯಿತು. 1860ರ ದಶಕದಲ್ಲಿ ಯುದ್ಧ ಸೋತು ಚಕ್ರವರ್ತಿ ಸಂವಿಧಾನಕ್ಕೆ ಒಪ್ಪಬೇಕಾಯಿತು. ಉದಾರವಾದಿ ಮೇಯರ್ ಕಾಯೆಟಾನ್ ಫೆಲ್ಡರ್ 1870ರಲ್ಲಿ ಆ ಮೈದಾನವನ್ನೇ ನಗರಕ್ಕೆ ಕೊಡಿಸಿಕೊಂಡ. ಸಿಪಾಯಿಗಳು ಹೆಜ್ಜೆ ಹಾಕುತ್ತಿದ್ದ ಜಾಗದಲ್ಲಿ ಇಂದು ನಗರಸಭೆ, ಸಂಸತ್ತು, ವಿಶ್ವವಿದ್ಯಾಲಯ ಒಟ್ಟಾಗಿ ನಿಂತಿವೆ. ಆ ರಸ್ತೆಯ ಖಾಸಗಿ ಸೌಧಗಳಲ್ಲಿ ಅನೇಕವು ಯೆಹೂದಿ ಬ್ಯಾಂಕರ್ ಮನೆತನಗಳವು. ನೆಲ ಕೊಳ್ಳುವ ಹಕ್ಕು ಅವರಿಗೆ ಅಲ್ಲಿ ಸಿಕ್ಕಿದ್ದೇ 1860ರಲ್ಲಿ. 1938ರಲ್ಲಿ ನಾತ್ಸಿಗಳು ಬಂದಾಗ ಎಫ್ರುಸಿ ಸೌಧದಂಥವನ್ನು ಕಿತ್ತುಕೊಂಡರು.

ಅದೇ ಊರಿನಲ್ಲಿ 1919ರ ಚುನಾವಣೆ ಗೆದ್ದ ಸೋಷಿಯಲ್ ಡೆಮಾಕ್ರಾಟರು ಮೊದಲ ಮಹಾಯುದ್ಧದ ಕಾಲದ ಬಾಡಿಗೆ ನಿಯಂತ್ರಣವನ್ನು ತೆಗೆಯಲು ಬಿಡಲಿಲ್ಲ. ಬಾಡಿಗೆಯಿಂದ ಲಾಭವಿಲ್ಲವಾದ್ದರಿಂದ ಕಟ್ಟುವ ನೆಲದ ಬೆಲೆ ಕುಸಿಯಿತು, ಕೊಳ್ಳುವವರೇ ಇಲ್ಲದ ಮಾರುಕಟ್ಟೆಯಲ್ಲಿ ನಗರ ಅಗ್ಗಕ್ಕೆ ಕೊಂಡಿತು. 1922ರಲ್ಲಿ ವಿಯೆನ್ನಾ ಆಸ್ಟ್ರಿಯದೊಳಗೆ ಪ್ರತ್ಯೇಕ ರಾಜ್ಯವಾಗಿ ಸ್ವಂತ ತೆರಿಗೆ ಹಾಕುವ ಅಧಿಕಾರ ಪಡೆಯಿತು. ಮರುವರ್ಷ ನಗರದ ಹಣಕಾಸು ನೋಡುತ್ತಿದ್ದ ಹ್ಯೂಗೊ ಬ್ರೈಟ್ನರ್, ಮನೆ ದೊಡ್ಡದಾದಷ್ಟೂ ದರ ಏರುವ ವಸತಿ ತೆರಿಗೆ ತಂದ. 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದಿದ್ದವು. ಕಾರ್ಲ್ ಏನ್ ರೂಪಿಸಿ 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ವಸತಿ ಸಮುಚ್ಚಯ ಒಂದರಲ್ಲೇ ಆಗ 1,382 ಮನೆಗಳಿದ್ದವು, ಅದರ ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು. ಅದರ ಕಮಾನುಗಳನ್ನು ಕೋಟೆಯ ಬಾಗಿಲುಗಳೆಂದು ವಿರೋಧಿಗಳು ಆಡಿಕೊಂಡರು. 1934ರ ಫೆಬ್ರವರಿಯಲ್ಲಿ ಆಸ್ಟ್ರಿಯದ ಚಾನ್ಸೆಲರ್ ಡಾಲ್ಫಸನ ಸರಕಾರ ಅದರ ಮೇಲೆ ಫಿರಂಗಿ ಹಾರಿಸಿ, ಚುನಾಯಿತ ನಗರಾಡಳಿತವನ್ನು ರದ್ದು ಮಾಡಿತು. ಕಟ್ಟಡದ ಹೆಸರನ್ನೂ ಬದಲಾಯಿಸಿದರು. 1945ರಲ್ಲಿ ಹಳೆಯ ಹೆಸರು ಮರಳಿತು. ಗುಂಡಿನ ತೂತುಗಳನ್ನು ಮುಚ್ಚಿದ್ದಾರೆ. ನೆಲವೂ ಮನೆಗಳೂ ಈಗಲೂ ನಗರದವು, ಬಾಡಿಗೆಯನ್ನು ನಗರವೇ ವಸೂಲು ಮಾಡುತ್ತದೆ.